ಸಿಮೆಂಟು ಇಳಿಸಿದ ಮೇಲೆ ಗಟ್ಟಿಯಾದ ಮಣ್ಣಿನ ಬ್ಲಾಕು

ಮಣ್ಣಿನ ಬ್ಲಾಕು ಮಳೆಗೆ ಕರಗುತ್ತದೆ, ಉಳಿಯಬೇಕಾದರೆ ಸಿಮೆಂಟು ಸುರಿಯಬೇಕು ಎಂದವರೇ ಎಲ್ಲರೂ. ಸುರಿದೂ ಆಯಿತು. ತೂಕದಲ್ಲಿ ಶೇ. 12ರವರೆಗೆ ಹೋದರೂ ಬಿರುಕು ನಿಲ್ಲಲಿಲ್ಲ. ಈಗ ಹಾಕುತ್ತಿರುವುದು ಶೇ. 7 ಮಾತ್ರ. ಎರಡು ದಿನ ನೀರಲ್ಲಿ ಮುಳುಗಿಸಿಟ್ಟು ತೆಗೆದ ಬ್ಲಾಕಿನ ಮೂಲೆಯನ್ನು ಮೊಳೆಯಿಂದ ಕೆರೆದರೆ ಗೀರು ಬೀಳುತ್ತದೆಯೇ ಹೊರತು ಮಣ್ಣು ಉದುರುವುದಿಲ್ಲ. ಬದಲಾದದ್ದು ಮರಳು, ತಕ್ಕಡಿ ಮತ್ತು ನೀರು ಹಾಕುವ ಕ್ರಮ.

ಪ್ರೆಸ್ಸು ಹೊಸದೇನಲ್ಲ. 1950ರ ದಶಕದಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಹುಟ್ಟಿದ ಸಿನ್ವಾ-ರಾಮ್ ಜಾತಿಯ ಕೈಪ್ರೆಸ್ಸೇ, ಅಂದರೆ ಉದ್ದ ಹಿಡಿಕೆ ಎಳೆದು ಮಣ್ಣನ್ನು ಅಚ್ಚಿನೊಳಗೆ ಒತ್ತುವ ಯಂತ್ರ. ಅಚ್ಚು 230×190×100 ಮಿ.ಮೀ.

ಮಣ್ಣು ಕೆಂಪು, ಮೇಲಿನ ಒಂದೂವರೆ ಅಡಿ ತೆಗೆದು ಹಾಕಿದ್ದು. ಬೇರು, ಕೊಳೆತ ಎಲೆ ಇದ್ದ ಮಣ್ಣಲ್ಲಿ ಸಿಮೆಂಟು ಸರಿಯಾಗಿ ಕಚ್ಚುವುದಿಲ್ಲ. ಬಾಟಲಿ ಪರೀಕ್ಷೆಯಲ್ಲಿ, ಅಂದರೆ ಮಣ್ಣನ್ನು ನೀರಲ್ಲಿ ಕುಲುಕಿ ಪದರಗಳು ಕೂತ ಮೇಲೆ ಅಳೆದಾಗ, ಜೇಡಿ ಶೇ. 40 ಎಂಬಂತೆ ಕಾಣುತ್ತಿತ್ತು. ನೀರು ಕುಡಿದ ಜೇಡಿ ಉಬ್ಬಿರುತ್ತದೆ, ಬಾಟಲಿಯಲ್ಲಿ ಕಂಡಷ್ಟನ್ನೇ ನಂಬಬಾರದು. ನಿಜಕ್ಕೆ ಶೇ. 30ರ ಹತ್ತಿರ ಇತ್ತು. ಅದೂ ಜಾಸ್ತಿಯೇ. ಅಷ್ಟು ಜೇಡಿ ಇರುವ ಬ್ಲಾಕು ಒಣಗಿದಾಗ ಕುಗ್ಗುತ್ತದೆ, ನೆನೆದಾಗ ಹಿಗ್ಗುತ್ತದೆ. ಶೇ. 12 ಸಿಮೆಂಟಿನ ಬ್ಲಾಕು ಬಿರಿದದ್ದೂ ಇದಕ್ಕೇ. ಮರಳಿನ ಬದಲಿಗೆ ಕ್ರಷರ್ ಪುಡಿಯನ್ನು (ಜಲ್ಲಿ ಒಡೆಯುವಲ್ಲಿ ಸಿಗುವ ಕಲ್ಲಿನ ಪುಡಿ) ಸಮಸಮ ಬೆರೆಸಿದೆ. ಜೇಡಿ ಶೇ. 15ಕ್ಕೆ ಇಳಿಯಿತು, ಮರಳಿನ ಪಾಲು 65 ದಾಟಿತು. ಪುಡಿಯನ್ನು ತೊಳೆಯುವ ಗೋಜಿಲ್ಲ, ಹಿಟ್ಟಿನಂಥ ಭಾಗ ಸ್ವಲ್ಪ ಇದ್ದರೆ ಅಂಚು ಚೊಕ್ಕವಾಗಿ ಬರುತ್ತದೆ.

ಮರಳಿಗೆ ದುಡ್ಡು ಯಾಕೆ ಎಂದು ತಂಡದವರೇ ಗೊಣಗಿದ್ದರು. ಲೆಕ್ಕ ಹೀಗಿದೆ. ಒಂದು ಬ್ಲಾಕಿನಲ್ಲಿ ಒಣ ತೂಕ ಸುಮಾರು 8 ಕೆಜಿ. ಶೇ. 12ರಲ್ಲಿ 50 ಕೆಜಿ ಮೂಟೆಗೆ ಅರವತ್ತು ಬ್ಲಾಕೂ ಸರಿಯಾಗಿ ಬರುತ್ತಿರಲಿಲ್ಲ, ಈಗ ತೊಂಬತ್ತು ದಾಟುತ್ತದೆ. ನನ್ನ ಖರ್ಚಿನಲ್ಲಿ ಹೆಚ್ಚುಕಡಿಮೆ ಅರ್ಧ ಸಿಮೆಂಟಿನದೇ ಆಗಿತ್ತು, ಹಾಗಾಗಿ ಪುಡಿಯ ದುಡ್ಡು ಕಳೆದೂ ಕೈಯಲ್ಲಿ ಉಳಿಯಿತು. ನಿಜವಾದ ನಷ್ಟ ಒಡೆದ ಬ್ಲಾಕಿನದು: ಅದರಲ್ಲಿ ಮಣ್ಣು, ಸಿಮೆಂಟು, ಕೂಲಿ, ಸಾಗಣೆ ಎಲ್ಲವೂ ಸೇರಿಹೋಗಿರುತ್ತದೆ. ಮೊದಲು ಹತ್ತಕ್ಕೆ ಎರಡು ಹೋಗುತ್ತಿತ್ತು. ಈಗ ನೂರಕ್ಕೆ ಎರಡೋ ಮೂರೋ. ಹೋದವನ್ನು ಕುಟ್ಟಿ ಜರಡಿ ಹಿಡಿದು ಕ್ರಷರ್ ಪುಡಿಯ ಕಾಲು ಭಾಗದ ಬದಲಿಗೆ ಬಳಸುತ್ತೇನೆ. ಅದರಲ್ಲಿರುವ ಸಿಮೆಂಟು ಸತ್ತುಹೋಗಿದೆ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು.

ಇನ್ನು ತಕ್ಕಡಿ. ಹೆಚ್ಚಿನವರು ಬಾಂಡ್ಲಿಯಿಂದ ಅಚ್ಚಿಗೆ ಅಂದಾಜಿನಲ್ಲಿ ತುಂಬುತ್ತಾರೆ. ಪ್ರೆಸ್ಸಿನಿಂದ ಬರುವ ಬ್ಲಾಕಿನ ಗಾತ್ರ ಬದಲಾಗುವುದಿಲ್ಲ, ಆದ್ದರಿಂದ ಒಳಗೆ ಎಷ್ಟು ತೂಕ ಹೋಯಿತೋ ಅಷ್ಟೇ ಅದರ ಸಾಂದ್ರತೆ. ಅರ್ಧ ಕೆಜಿ ಕಡಿಮೆಯಾದರೂ ಹೊರಗಿಂದ ಗೊತ್ತಾಗುವುದಿಲ್ಲ, ನೀರಿಗೆ ಹಾಕಿದಾಗ ಗೊತ್ತಾಗುತ್ತದೆ. ಹೆಚ್ಚಾದರೆ ಹಿಡಿಕೆ ಕೆಳಗಿಳಿಯುವುದಿಲ್ಲ, ಇಬ್ಬರು ಜೋತುಬಿದ್ದು ಪಿನ್ನು ಬಾಗಿಸುತ್ತಾರೆ. ನನ್ನ ಮಿಶ್ರಣಕ್ಕೆ ನೀರೂ ಸೇರಿ 9 ಕೆಜಿಗೆ ತುಸು ಕಡಿಮೆ, ಪ್ರತಿ ಬ್ಲಾಕಿಗೂ ತೂಗಿಯೇ ಹಾಕುವುದು. ತೂಗಲು ಒಬ್ಬರು ಬೇರೆಯೇ ಬೇಕು, ಆ ಕೂಲಿ ದಂಡವಲ್ಲ. ಐದಾರು ಜನರ ಕೈಯಲ್ಲಿ ದಿನಕ್ಕೆ 400ರ ಆಸುಪಾಸು ಆಗುತ್ತದೆ. ತುಂಬಿದ ಮೇಲೆ ನಾಲ್ಕು ಮೂಲೆಗಳನ್ನು ಬೆರಳಿಂದ ಒತ್ತಬೇಕು, ನಡುವೆ ಬೇಡ. ಅಚ್ಚಿಗೆ ಒರೆಸುವ ಎಣ್ಣೆಗೆ ಏನು ಬೆರೆಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಬರಿ ಎಣ್ಣೆಯಲ್ಲೂ ಕೆಲಸ ನಡೆಯುತ್ತದೆ.

ಕಲಸುವಾಗ ಕಾಂಕ್ರೀಟ್ ಮಿಕ್ಸರ್ ಹತ್ತಿರವೂ ಸೇರಿಸಬೇಡಿ. ಡ್ರಮ್ಮು ಉರುಳಿದಂತೆ ಜೇಡಿ ಉಂಡೆಗಟ್ಟುತ್ತದೆ, ಸಿಮೆಂಟು ಉಂಡೆಯ ಹೊರಗೇ ಉಳಿಯುತ್ತದೆ. ಅಂಥ ಬ್ಲಾಕನ್ನು ಒಡೆದು ನೋಡಿದರೆ ಒಳಗೆ ಕೆಂಪು ಗೋಲಿಗಳು ಕಾಣುತ್ತವೆ. 5 ಮಿ.ಮೀ. ಜರಡಿ ಹಿಡಿದ ಮಣ್ಣು, ಪುಡಿ, ಸಿಮೆಂಟನ್ನು ಒಣಗಿದ್ದಾಗಲೇ ಮೂರು ಸಲ ಸಲಿಕೆಯಲ್ಲಿ ತಿರುವಿ, ಬಣ್ಣದ ಪಟ್ಟೆ ಕಾಣದಂತಾದ ಮೇಲೆ ನೀರನ್ನು ಚಿಮುಕಿಸಿ. ಹಿಡಿಯಲ್ಲಿ ಉಂಡೆ ಕಟ್ಟಿ ಎದೆಯೆತ್ತರದಿಂದ ಬಿಟ್ಟಾಗ ನಾಲ್ಕೈದು ಚೂರಾಗಬೇಕು. ಪುಡಿಯಾದರೆ ನೀರು ಸಾಲದು, ಚಪ್ಪಟೆಯಾಗಿ ಕೂತರೆ ಹೆಚ್ಚಾಯಿತು. ಅಚ್ಚಿನಿಂದ ಎತ್ತುವಾಗ ಬ್ಲಾಕಿನ ಅಡ್ಡಕ್ಕೆ ಕೂದಲಿನಂಥ ಗೆರೆ ಬಂದರೆ ಹೆಚ್ಚಿನ ಸಲ ನೀರು ಹೆಚ್ಚಾಗಿರುತ್ತದೆ. ಒಮ್ಮೆಗೆ 20 ಬ್ಲಾಕಿಗಾಗುವಷ್ಟೇ ಕಲಸುವುದು, ಅರ್ಧ ಗಂಟೆಯೊಳಗೆ ಮುಗಿಸುವುದು. ಊಟಕ್ಕೆ ಹೋಗುವ ಮುನ್ನ ಕಲಸಿಟ್ಟದ್ದು ಕೆಟ್ಟಂತೆಯೇ ಲೆಕ್ಕ.

ನೀರಿನ ವಿಷಯಕ್ಕೆ ಯಾರೂ ಗಮನ ಕೊಡುವುದಿಲ್ಲ. ಮೊದಲ ದಿನ ನೀರು ಬೇಡ, ನೆರಳಲ್ಲಿ ಪ್ಲಾಸ್ಟಿಕ್ ಹೊದಿಸಿ ಇಟ್ಟರೆ ಸಾಕು. ಪೈಪು ಹಿಡಿದರೆ ಅಂಚು ಕೊಚ್ಚಿ ಹೋಗುತ್ತದೆ. ಮಾರನೇ ದಿನದಿಂದ ಗೋಣಿಚೀಲ ಹೊದಿಸಿ ದಿನಕ್ಕೆರಡು ಸಲ, ಬಿಸಿಲು ಜೋರಿದ್ದರೆ ಮೂರು ಸಲ, ಚೀಲ ಒಣಗದಂತೆ ನೋಡಿಕೊಳ್ಳಬೇಕು. 28 ದಿನ ಎನ್ನುತ್ತಾರೆ, 21ಕ್ಕೆ ಮೊದಲು ಗೋಡೆಗೆ ಎತ್ತಲೇಬಾರದು. ಒಟ್ಟಿಲು ಐದು ವರಸೆಗಿಂತ ಎತ್ತರ ಬೇಡ. ಪರೀಕ್ಷೆಯನ್ನು ನೆನೆದ ಬ್ಲಾಕಿನ ಮೇಲೇ ಮಾಡಿ. ಒದ್ದೆಯಾದಾಗ ಬಲ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ, ಒಣ ಬ್ಲಾಕಿನ ಅಂಕಿ ತೋರಿಸಿ ಬೀಗುವವರೇ ಹೆಚ್ಚು. ನನ್ನವು ನೆನೆದಾಗ ತೂಕದ ಶೇ. 12ರಷ್ಟು ನೀರು ಕುಡಿಯುತ್ತವೆ, 15ರ ಒಳಗಿದ್ದರೆ ಚಿಂತೆಯಿಲ್ಲ.

ನಡುವೆ ಒಂದೆರಡು ಕಿತಾಪತಿಯೂ ನಡೆಯಿತು. ಹುಲ್ಲು ಕತ್ತರಿಸಿ ಬೆರೆಸಿ ನೋಡಿದೆ, ಪ್ರೆಸ್ಸು ಬಿಟ್ಟ ಕೂಡಲೇ ಹುಲ್ಲು ಸೆಟೆದೆದ್ದು ಬ್ಲಾಕು ಪದರಪದರವಾಗಿ ಬಿಟ್ಟುಕೊಂಡಿತು. ಹುಲ್ಲು ಅಚ್ಚಿಗೆ ಕೈಯಿಂದ ಬಡಿಯುವ ಹಸಿ ಇಟ್ಟಿಗೆಗೇ ಸರಿ. ಎರೆಮಣ್ಣಿಗೆ ಬರಿ ಸಿಮೆಂಟು ಕೆಲಸಕ್ಕೆ ಬರುವುದಿಲ್ಲ. ಮೊದಲು ಸುಣ್ಣ ಬೆರೆಸಿ ಒಂದು ದಿನ ಮುಚ್ಚಿಟ್ಟು, ಆಮೇಲೆ ಮರಳು ಮತ್ತು ಸಿಮೆಂಟು ಸೇರಿಸಿದಾಗ ಬ್ಲಾಕು ನಿಂತಿತು. ಆದರೆ ಮರಳು ಎಷ್ಟು ಬೇಕಾಯಿತೆಂದರೆ ಬೇರೆ ಕಡೆಯಿಂದ ಕೆಮ್ಮಣ್ಣು ತರಿಸುವುದೇ ಅಗ್ಗ. ಅಚ್ಚಿನೊಳಗೆ ಮರದ ತುಂಡಿಟ್ಟು ಲಿಂಟಲ್ಲಿಗೆ (ಬಾಗಿಲು, ಕಿಟಕಿಯ ಮೇಲಿನ ತೊಲೆ) ದೋಣಿಯಾಕಾರದ ಬ್ಲಾಕನ್ನೂ ತೆಗೆದೆ. ತುಂಡಿನ ಪಕ್ಕಗಳಿಗೆ ಸ್ವಲ್ಪ ಓರೆ ಕೊಡದಿದ್ದರೆ ಹೊರಗೆ ತೆಗೆಯುವಾಗ ಬ್ಲಾಕಿನ ಪಕ್ಕ ಸೀಳುತ್ತದೆ.

ಗೋಡೆ ಕಟ್ಟುವಾಗ ಸಿಮೆಂಟು, ಮರಳು 1:4ರ ಗಾರೆ ಬೇಡ. ಗಾರೆ ಬ್ಲಾಕಿಗಿಂತ ಗಟ್ಟಿಯಾದರೆ ಬಿರುಕು ಸಂದಿಯಲ್ಲಿ ನಿಲ್ಲದೆ ಬ್ಲಾಕನ್ನೇ ಸೀಳಿಕೊಂಡು ಹೋಗುತ್ತದೆ. ಸಿಮೆಂಟು, ಸುಣ್ಣ, ಮರಳು 1:1:6 ಸಾಕು. ಬ್ಲಾಕನ್ನು ನೀರಲ್ಲಿ ಅದ್ದಿ ತೆಗೆದು ಇಡಬೇಕು, ಇಲ್ಲದಿದ್ದರೆ ಗಾರೆಯ ನೀರನ್ನೆಲ್ಲ ಅದೇ ಹೀರಿಬಿಡುತ್ತದೆ.