ಮಂಚದಿಂದ ಬಚ್ಚಲಿನವರೆಗೆ: ವಯಸ್ಸಾದ ತಂದೆತಾಯಿಗೆ ಮನೆಯನ್ನು ಅಣಿಗೊಳಿಸುವ ಬಗೆ

ಮೈಸೂರಿನ ಚಾಮುಂಡಿಪುರಂ, ಸರಸ್ವತಿಪುರಂ ಕಡೆಯ ಹಲವು ಹಳೆಯ ಮನೆಗಳಲ್ಲಿ ಬಚ್ಚಲುಮನೆ ಇಂದಿಗೂ ಹಿತ್ತಲ ಕಡೆಗೇ ಇದೆ. ರಾತ್ರಿ ಎರಡು ಗಂಟೆಗೆ ಎದ್ದ ಎಪ್ಪತ್ತೈದರ ತಾಯಿ ನಡುಮನೆ, ಅಡುಗೆಮನೆಗಳನ್ನು ದಾಟಿ, ಎರಡು ಹೊಸ್ತಿಲು, ಒಂದು ಮೆಟ್ಟಿಲು ಇಳಿದು ಅಲ್ಲಿಗೆ ಹೋಗಬೇಕು. ಆದ್ದರಿಂದ ಅಂಗಡಿಗೆ ಹೋಗಿ ಏನನ್ನಾದರೂ ಕೊಳ್ಳುವ ಮುನ್ನ, ಒಂದು ರಾತ್ರಿ ದೀಪಗಳನ್ನೆಲ್ಲ ಆರಿಸಿ ಅವರ ಜೊತೆಯಲ್ಲೇ ಆ ದಾರಿಯನ್ನು ನಡೆದು ನೋಡಿ. ಅವರ ಕೈ ಎಲ್ಲೆಲ್ಲಿ ಗೋಡೆಯನ್ನು ತಡಕುತ್ತದೆಯೋ ಅಲ್ಲೆಲ್ಲ ಆಸರೆ ಬೇಕು. ಎಲ್ಲಿ ಕಾಲು ಅನುಮಾನಿಸುತ್ತದೆಯೋ ಅಲ್ಲಿ ಬೆಳಕು ಬೇಕು.

ನನ್ನ ತಾಯಿ ಬಿದ್ದದ್ದು ರಾತ್ರಿಯಲ್ಲ, ಒಂದು ಶುಕ್ರವಾರದ ಬೆಳಿಗ್ಗೆ. ಹೊಸ್ತಿಲು ತೊಳೆದು, ಅರಿಶಿನ ಹಚ್ಚಿ, ರಂಗೋಲಿ ಎಳೆದು ಏಳುವಾಗ ಒದ್ದೆಯಾಗಿದ್ದ ಕೆಂಪು ಗಾರೆಯ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡರು. ಇನ್ನು ಮುಂದೆ ಹೊಸ್ತಿಲು ತೊಳೆಯುವುದೇ ಬೇಡ ಎಂದು ನಾನು ಹೇಳಿದಾಗ ಅವರ ಮುಖ ಬಾಡಿದ ರೀತಿಯನ್ನು ನಾನು ಮರೆತಿಲ್ಲ. ಆಮೇಲೆ ಬಾಗಿಲ ಚೌಕಟ್ಟಿಗೆ ಒಂದು ಗಟ್ಟಿ ಹಿಡಿಕೆ ಹಾಕಿಸಿದೆವು, ಕೂರಲು ಅಲುಗಾಡದ ಸ್ಟೂಲು ಇಟ್ಟೆವು, ನೀರು ಒರೆಸಿದ ಮೇಲೆಯೇ ಏಳಬೇಕೆಂದು ಒಪ್ಪಿಸಿದೆವು. ಕೆಲಸ ಅವರ ಕೈಯಲ್ಲೇ ಉಳಿಯಿತು. ಮನೆಯಲ್ಲಿ ಯಾವ ಬದಲಾವಣೆ ಮಾಡುವುದಾದರೂ ಅವರನ್ನು ಕೇಳಿಯೇ ಮಾಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಕೇಳದೆ ಹಾಕಿಸಿದ ಹಿಡಿಕೆಯ ಮೇಲೆ ಟವೆಲ್ ಒಣಗುತ್ತದೆಯೇ ಹೊರತು ಯಾರ ಕೈಯೂ ಬೀಳುವುದಿಲ್ಲ.

ಹೆಚ್ಚಿನ ಗಮನ ಬೇಕಾದದ್ದು ಬಚ್ಚಲಿಗೆ. ಕಮೋಡಿನ ಪಕ್ಕದಲ್ಲಿ ಮತ್ತು ಸ್ನಾನ ಮಾಡುವ ಜಾಗದಲ್ಲಿ, ನೆಲದಿಂದ 33ರಿಂದ 36 ಇಂಚು ಎತ್ತರದಲ್ಲಿ, ಮುಷ್ಟಿಗೆ ಹಿಡಿಯುವಂತೆ ಸುಮಾರು ಒಂದೂವರೆ ಇಂಚು ದಪ್ಪದ ಸ್ಟೀಲ್ ಹಿಡಿಕೆಗಳನ್ನು ಗೋಡೆಗೆ ಕೊರೆಸಿ ಹಾಕಿಸಿ. ರಬ್ಬರ್ ಬಿಲ್ಲೆಯಿಂದ ಟೈಲ್ಸಿಗೆ ಅಂಟಿಸುವ ಹಿಡಿಕೆಗಳು ಮೈಭಾರ ಬಿದ್ದಾಗ ಕಿತ್ತು ಬರಬಹುದು, ಅವನ್ನು ನಂಬಬೇಡಿ. ಹಳೆಯ ಸುಣ್ಣದ ಗಾರೆಯ ಗೋಡೆಯಾದರೆ ಮೊಳೆ ಹಿಡಿಯುತ್ತದೆಯೋ ಇಲ್ಲವೋ ಎಂಬುದನ್ನು ಗಾರೆ ಕೆಲಸದವರಿಂದ ಮೊದಲೇ ನೋಡಿಸಿ, ಹಾಕಿಸಿದ ಮೇಲೆ ನೀವೇ ಪೂರ್ತಿ ಭಾರ ಬಿಟ್ಟು ಜಗ್ಗಿ ನೋಡಿ. ಕಮೋಡಿನ ಎತ್ತರ 17ರಿಂದ 19 ಇಂಚು ಇದ್ದರೆ ಮಂಡಿನೋವಿನವರಿಗೆ ಏಳುವುದು ಸುಲಭ. ಎಣ್ಣೆಸ್ನಾನದ ದಿನ ಎಣ್ಣೆಯೂ ಸೀಗೆಪುಡಿಯೂ ಸೇರಿ ನೆಲ ಬಹಳ ಜಾರುತ್ತದೆ. ಕುರ್ಚಿಯ ಮೇಲೆ ಕುಳಿತೇ ಸ್ನಾನ ಮಾಡಲಿ, ನೆಲವನ್ನು ಒಡನೆಯೇ ಸೋಪಿನ ಪುಡಿ ಹಾಕಿ ಉಜ್ಜಿ ತೊಳೆಯಿರಿ.

ಬಚ್ಚಲ ಬಾಗಿಲನ್ನು ಅನೇಕರು ಮರೆಯುತ್ತಾರೆ. ಒಳಕ್ಕೆ ತೆರೆಯುವ ಬಾಗಿಲಿನ ಹಿಂದೆ ಬಿದ್ದವರ ಮೈಯೇ ಬಾಗಿಲಿಗೆ ಅಡ್ಡವಾಗುತ್ತದೆ, ಒಳಗಿನ ಚಿಲಕವನ್ನು ಹೊರಗಿನಿಂದ ತೆಗೆಯಲಾಗುವುದಿಲ್ಲ. ಬಾಗಿಲು ಹೊರಕ್ಕೆ ತೆರೆಯುವಂತೆ ಬಡಗಿಯಿಂದ ತಿರುಗಿಸಿ, ಹೊರಗಿನಿಂದ ನಾಣ್ಯ ಹಾಕಿ ತಿರುಗಿಸಿದರೆ ಬಿಚ್ಚಿಕೊಳ್ಳುವ ಲಾಕ್ ಹಾಕಿಸಿ.

ಗೀಸರಿನ ಬಿಸಿಯನ್ನು 50 ಡಿಗ್ರಿಗಿಂತ ಮೇಲೆ ಇಡಬೇಡಿ. ಅವರ ತೆಳುವಾದ ಚರ್ಮ ಬೇಗ ಸುಡುತ್ತದೆ. ಗ್ಯಾಸ್ ಗೀಸರ್ ಇದ್ದರೆ ಅದು ಬಚ್ಚಲಿನ ಹೊರಗೆ, ಗಾಳಿಯಾಡುವಲ್ಲಿಯೇ ಇರಬೇಕು, ಏಕೆಂದರೆ ಮುಚ್ಚಿದ ಕೋಣೆಯಲ್ಲಿ ಅದರಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹಳೆಯ ವೈರಿಂಗ್ ಇರುವ ಮನೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದೊಡನೆ ಅದನ್ನು ಕಡಿದು ಶಾಕಿನಿಂದ ಕಾಪಾಡುವ ಸ್ವಿಚ್ಚು, ಹಾಕಿಸುವುದೂ ಅಗತ್ಯ.

ಮಂಚದಿಂದ ಕೈಗೆಟುಕುವಲ್ಲಿ ಸ್ವಿಚ್ಚು, ದಾರಿಯುದ್ದಕ್ಕೂ ಸಣ್ಣ ರಾತ್ರಿದೀಪಗಳು, ಕರೆಂಟು ಹೋದಾಗ ದಿಂಬಿನ ಪಕ್ಕದಲ್ಲೇ ಟಾರ್ಚು ಇರಲಿ. ಕೆಂಪು ನೆಲದ ಮೇಲಿನ ಕಪ್ಪು ಹೊಸ್ತಿಲು ಮಂದ ಕಣ್ಣಿಗೆ ಕಾಣುವುದಿಲ್ಲ. ಒಳಬಾಗಿಲುಗಳ ಹೊಸ್ತಿಲಿನ ಅಂಚಿಗೂ ಅರಿಶಿನದಂಥದೇ ಹಳದಿ ಬಣ್ಣದ ಪಟ್ಟೆ ಬಳಿಸಿ. ಜಾರುವ ಕಾಲೊರಸುಗಳನ್ನು ತೆಗೆದುಬಿಡಿ. ರಕ್ತದೊತ್ತಡದ ಅಥವಾ ನಿದ್ದೆಯ ಮಾತ್ರೆ ತೆಗೆದುಕೊಳ್ಳುವವರಿಗೆ ಥಟ್ಟನೆ ಎದ್ದರೆ ತಲೆ ಸುತ್ತಬಹುದು, ಆದ್ದರಿಂದ ಕಾಲು ನೆಲಕ್ಕೂರಿ ಒಂದೆರಡು ನಿಮಿಷ ಕುಳಿತು ಏಳುವ ರೂಢಿಯಾಗಲಿ.

ತುರ್ತಿಗೆ 112, ಆಂಬ್ಯುಲೆನ್ಸಿಗೆ 108, ಹಿರಿಯ ನಾಗರಿಕರ ಸಹಾಯವಾಣಿ 14567. ಇವುಗಳನ್ನು ದಪ್ಪ ಅಕ್ಷರದಲ್ಲಿ ಬರೆದು, ಬಿದ್ದವರಿಗೂ ಕಾಣುವಂತೆ ಗೋಡೆಯ ಕೆಳಭಾಗದಲ್ಲಿಯೂ ಅಂಟಿಸಿ. ಒಂದು ಬೀಗದ ಕೈ ಪಕ್ಕದ ಮನೆಯವರಲ್ಲಿರಲಿ. ಎಲ್ಲ ಮುಗಿದ ಮೇಲೆ ತಂದೆಯವರು ಬಚ್ಚಲ ಬಾಗಿಲನ್ನು ಒಳಗಿನಿಂದ ಹಾಕಿಕೊಳ್ಳಲಿ, ನೀವು ಹೊರಗಿನಿಂದ ನಾಣ್ಯ ಹಾಕಿ ತೆರೆದು ನೋಡಿ; ಮತ್ತೊಂದು ರಾತ್ರಿ ಅದೇ ದಾರಿಯನ್ನು ಅವರ ಜೊತೆ ನಡೆಯಿರಿ.