ಎದೆ ಢವಗುಟ್ಟಿದರೆ ಡಿಕಾಕ್ಷನ್ ಲೆಕ್ಕ ಹಾಕಿ

ಎದೆ ಢವಗುಟ್ಟುತ್ತದೆ ಎಂದು ಹೋದಾಗ ‘ದಿನಕ್ಕೆ ಎಷ್ಟು ಕಾಫಿ?’ ಎಂದು ವೈದ್ಯರು ಕೇಳಿದರೆ ‘ಎರಡೇ’ ಎನ್ನುವವರೇ ಹೆಚ್ಚು. ದರ್ಶಿನಿಯ ಬೈಟು, ನೆಂಟರ ಮನೆಯಲ್ಲಿ ಬೇಡವೆನ್ನಲಾಗದೆ ಕುಡಿದದ್ದು, ಸಂಜೆಯ ಚಹಾ ಯಾವುದೂ ಆ ಎರಡರಲ್ಲಿ ಸೇರಿರುವುದಿಲ್ಲ.

ಆದ್ದರಿಂದ ಮೊದಲು ಮೂರು ದಿನ ಕುಡಿದದ್ದನ್ನೆಲ್ಲ ಬರೆದಿಡಿ. ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪ್ರಕಾರ 150 ಮಿ.ಲೀ. ಫಿಲ್ಟರ್ ಕಾಫಿಯಲ್ಲಿ 80ರಿಂದ 120 ಮಿ.ಗ್ರಾಂ ಕೆಫೀನ್, ಅಂದರೆ ಎದೆಬಡಿತ ಏರಿಸಬಲ್ಲ ಉತ್ತೇಜಕ, ಇರುತ್ತದೆ. ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಚಹಾದಲ್ಲಿ 30ರಿಂದ 65. ದಿನದ ಮಿತಿ 300. ಗರ್ಭಿಣಿಯರು 200 ದಾಟಬಾರದು.

ಇನ್ನು ಪುಡಿಯ ಡಬ್ಬಿ ನೋಡಿ. ಕಾಫಿ ಕಪ್ಪಗೆ, ಗಟ್ಟಿಯಾಗಿದ್ದ ಮಾತ್ರಕ್ಕೆ ಕೆಫೀನ್ ಹೆಚ್ಚೆಂದಲ್ಲ. ಆ ಬಣ್ಣ ಪುಡಿಗೆ ಬೆರೆಸುವ ಚಿಕೋರಿ ಬೇರಿನದ್ದಿರಬಹುದು, ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ. ಕಾಫಿ ಬೀಜದ ಎರಡು ತಳಿಗಳಲ್ಲಿ ರೋಬಸ್ಟಾದಲ್ಲಿ ಮಾತ್ರ ಅರೇಬಿಕಾದ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್ ಇರುತ್ತದೆ. ಫಿಲ್ಟರಿನಿಂದ ಮೊದಲು ಇಳಿದ ಡಿಕಾಕ್ಷನ್‌ನಲ್ಲೇ ಹೆಚ್ಚು ಕೆಫೀನ್. ಅದೇ ಪುಡಿಗೆ ಮತ್ತೆ ಬಿಸಿನೀರು ಹೊಯ್ದು ಇಳಿಸಿದ ಎರಡನೆಯದು ಸಪ್ಪೆ, ಅದರಲ್ಲಿ ಕೆಫೀನೂ ಕಡಿಮೆ.

ಮನೆಯಲ್ಲಿ ಬಿಪಿ ಯಂತ್ರವಿದ್ದರೆ ಒಂದು ಪರೀಕ್ಷೆ ಮಾಡಬಹುದು. ಕಾಫಿಗೆ ಮೊದಲು ಐದು ನಿಮಿಷ ಸುಮ್ಮನೆ ಕುಳಿತು ಬಿಪಿ, ನಾಡಿ ನೋಡಿ. ಕುಡಿದು ಅರ್ಧ ಗಂಟೆಯ ಮೇಲೆ ಮತ್ತೊಮ್ಮೆ, ಗಂಟೆಯ ಮೇಲೆ ಇನ್ನೊಮ್ಮೆ ನೋಡಿ. ಬಿಪಿ ಐದರಿಂದ ಹತ್ತು ಅಂಕ ಏರಿದರೆ ನಿಮ್ಮ ದೇಹಕ್ಕೆ ಕೆಫೀನ್ ನಾಟುತ್ತದೆ ಎಂದರ್ಥ. ದಿನವೂ ಕುಡಿಯುವವರಲ್ಲಿ ಈ ಏರಿಕೆ ಅಷ್ಟಾಗಿ ಕಾಣದು. ಮಿತವಾಗಿ ಕುಡಿಯುವ ಆರೋಗ್ಯವಂತರ ಹೃದಯಕ್ಕೆ ಕಾಫಿಯಿಂದ ಕೇಡಿದೆ ಎಂದು ಅಧ್ಯಯನಗಳು ಹೇಳುವುದಿಲ್ಲ. ಬಿಪಿ 160/100 ದಾಟಿದವರ ಮಾತು ಬೇರೆ, ಅವರು ವೈದ್ಯರನ್ನು ಕೇಳಿಯೇ ಕುಡಿಯಬೇಕು.

ಲೆಕ್ಕ 300 ದಾಟಿತೇ? ಒಮ್ಮೆಲೇ ನಿಲ್ಲಿಸಬೇಡಿ. ನಾನು ಒಂದು ಸೋಮವಾರ ಆ ಶೌರ್ಯ ತೋರಿಸಿದೆ. ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯತೊಡಗಿತು. ಅಂಗಡಿಯಿಂದ ಮಾತ್ರೆ ತಂದು ನುಂಗಿ, ನೋವು ಇಳಿದ ಮೇಲೆ ಪಟ್ಟಿಯ ಹಿಂಬದಿ ಓದಿದರೆ ಅದರಲ್ಲೂ ಕೆಫೀನ್! ದಣಿವನ್ನು ಮಿದುಳಿಗೆ ತಿಳಿಸುವ ಅಡೆನೊಸಿನ್ ಎಂಬ ರಾಸಾಯನಿಕದ ದಾರಿಯನ್ನು ಕೆಫೀನ್ ಅಡ್ಡಗಟ್ಟುತ್ತದೆ. ಅಡ್ಡಿ ಥಟ್ಟನೆ ಸರಿದಾಗ ತಲೆಯ ರಕ್ತನಾಳಗಳು ಹಿಗ್ಗುತ್ತವೆ, ನೋವು ಬರುತ್ತದೆ. ಮೂರು ನಾಲ್ಕು ದಿನಕ್ಕೊಮ್ಮೆ ಅರ್ಧ ಲೋಟ ಇಳಿಸುತ್ತಾ ಬಂದರೆ ಈ ಪಾಡಿಲ್ಲ.

ಮೊದಲು ಕೈಬಿಡಬೇಕಾದದ್ದು ಸಂಜೆಯ ಲೋಟ. ಐದು ಗಂಟೆಗೆ ಕುಡಿದ ಕೆಫೀನಿನಲ್ಲಿ ಸುಮಾರು ಅರ್ಧದಷ್ಟು ರಾತ್ರಿ ಹತ್ತಕ್ಕೂ ರಕ್ತದಲ್ಲಿರುತ್ತದೆ. ಕೆಟ್ಟ ನಿದ್ರೆಯೂ ಬಿಪಿ ಏರಿಸುವಂಥದ್ದೇ.

ಕೊಲೆಸ್ಟರಾಲ್ ಹೆಚ್ಚಿರುವವರು ಇನ್ನೊಂದನ್ನು ಗಮನಿಸಬೇಕು. ಕೆಟ್ಟ ಕೊಲೆಸ್ಟರಾಲ್ ಏರಿಸುವ ಕೆಫೆಸ್ಟಾಲ್ ಎಂಬ ಎಣ್ಣೆಯಂಶ ಕಾಫಿಯಲ್ಲಿದೆ. ಕಾಗದದ ಫಿಲ್ಟರ್ ಅದನ್ನು ಬಹುಪಾಲು ಹಿಡಿದಿಡುತ್ತದೆ. ನಮ್ಮ ಸ್ಟೀಲ್ ಫಿಲ್ಟರಿನ ತೂತುಗಳಲ್ಲಿ ಅದು ಸಲೀಸಾಗಿ ಇಳಿಯುತ್ತದೆ.

ಎದೆನೋವು, ಉಸಿರುಕಟ್ಟು, ತಲೆ ಸುತ್ತಿ ಬೀಳುವುದು ಇದ್ದರೆ ಕಾಫಿಯ ಲೆಕ್ಕ ಹಾಕುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.