ಹೊಸಬರಿಗೆ ಮಾರ್ಗದರ್ಶಿ: ಬಸುರಿಯ ತಪಾಸಣೆಗೆ ಹೋದಾಗ

ನನ್ನ ಚೊಚ್ಚಲ ಬಸಿರಿನಲ್ಲಿ ಕ್ಲಿನಿಕ್ಕಿನವರು ಒಂದು ಫಾರಂ ಕೊಟ್ಟರು. ‘ನಮ್ಮ ಸೇವೆ ತೃಪ್ತಿ ತಂದಿತೇ?’ ಅಂತ. ಎಲ್ಲದಕ್ಕೂ ‘ತುಂಬಾ’ ಎಂದು ಟಿಕ್ ಹಾಕಿ ಬಂದೆ. ಆವತ್ತು ಕಾದದ್ದು ಮೂರು ಗಂಟೆ, ಒಳಗಿದ್ದದ್ದು ಐದು ನಿಮಿಷ. ಬಿಪಿ ನೋಡಿ ಬರೆದುಕೊಂಡರು. ಎಷ್ಟೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ನರ್ಸ್ ನಗುತ್ತಾ ಮಾತಾಡಿಸಿದ್ದೇ ನನಗೆ ಸಾಕಾಗಿತ್ತು. ಎರಡು ವಾರ ಕಳೆದು ಮುಖ ಊದಿ, ತಲೆ ಸಿಡಿಯತೊಡಗಿದಾಗ ನಿದ್ದೆಗೆಟ್ಟಿದ್ದಕ್ಕೆ ಹೀಗೆ ಎಂದುಕೊಂಡು ಎರಡು ದಿನ ಮಲಗಿಯೇ ಇದ್ದೆ. ಬಿಪಿ ಏರಿದರೆ ಹೀಗಾಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ದೇವರು ದೊಡ್ಡವನು, ನಾನೂ ಮಗುವೂ ಉಳಿದೆವು.

ಕೇಳಿ ತಿಳಿದುಕೊಳ್ಳಬೇಕಾದದ್ದು

ನಮ್ಮ ಸಂಘದ ಸಭೆಯಲ್ಲಿ ಮೈಕ್ ಬಿಡದವರೂ ಡಾಕ್ಟರ ಎದುರು ಮೂಕರಾಗುತ್ತಾರೆ. ‘ಏನಾದರೂ ಕೇಳಬೇಕಾ?’ ಅಂದರೆ ‘ಇಲ್ಲ, ಇಲ್ಲ’ ಎಂದು ಎದ್ದುಬಿಡುತ್ತೇವೆ. ಹಾಗೆ ಮಾಡಬೇಡಿ. ಪ್ರಶ್ನೆಗಳನ್ನು ಮನೆಯಲ್ಲೇ ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಬಿಪಿ ಎಷ್ಟು ಎಂದು ಪ್ರತಿ ಸಲವೂ ಕೇಳಿ. 140/90 ಮುಟ್ಟಿದರೆ ಅದನ್ನು ಹೆಚ್ಚೆಂದೇ ಲೆಕ್ಕ ಹಾಕುತ್ತಾರೆ. ಮೂತ್ರ ಪರೀಕ್ಷೆ ಮಾಡಿಸುವುದರಲ್ಲಿ ಪ್ರೋಟೀನ್ ಹೋಗುತ್ತಿದೆಯೇ ಎಂದು ನೋಡುವುದೂ ಸೇರಿದೆ. ಬಸಿರಿನ 20 ವಾರದ ನಂತರ ಹೆಚ್ಚಿದ ಬಿಪಿ, ಮೂತ್ರದಲ್ಲಿ ಪ್ರೋಟೀನ್ ಎರಡೂ ಒಟ್ಟಿಗೆ ಕಂಡರೆ ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಹಿಮೋಗ್ಲೋಬಿನ್ (ರಕ್ತದ ಕಬ್ಬಿಣದ ಅಂಶ) ಡೆಸಿಲೀಟರಿಗೆ 11 ಗ್ರಾಂಗಿಂತ, ನಡುವಿನ ಮೂರು ತಿಂಗಳಲ್ಲಾದರೆ 10.5ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ ಇದೆಯೆಂದು ಅರ್ಥ. ಕಬ್ಬಿಣದ ಮಾತ್ರೆ ಹೊಟ್ಟೆಗೆ ಆಗದಿದ್ದರೆ ಸುಮ್ಮನೆ ಬಿಟ್ಟುಬಿಡದೆ ಹೇಳಿ. ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಇಂಜೆಕ್ಷನ್ ಬೇಕೇ, ಯಾವಾಗ ಎಂದೂ ಕೇಳಿ. ಫೈಲಿನ ಒಂದು ಪ್ರತಿ ಸದಾ ನಿಮ್ಮ ಕೈಯಲ್ಲಿರಲಿ.

ಮುಟ್ಟಿ ಪರೀಕ್ಷಿಸುವ ಮುಂಚೆ ಅವರು ನಿಮ್ಮನ್ನು ಕೇಳಬೇಕು, ಪರದೆ ಎಳೆಯಬೇಕು. ಎಳೆಯದಿದ್ದರೆ ಎಳೆಯಿರಿ ಎನ್ನಿ. ನಾಚಿಕೆಪಡಬೇಕಾದವರು ನೀವಲ್ಲ.

ಎಷ್ಟು ಸಲ?

ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಕನಿಷ್ಠ ಎಂಟು ಭೇಟಿ ಎಂದಿದೆ: 12 ವಾರದೊಳಗೆ ಒಂದು, ಆಮೇಲೆ 20, 26, 30, 34, 36, 38, 40ನೇ ವಾರಗಳಲ್ಲಿ. ಮೊದಲ ಸ್ಕ್ಯಾನ್ 24 ವಾರದೊಳಗೆ ಆಗಬೇಕು.

ಭಾಷೆ

ಡಾಕ್ಟರ ಭಾಷೆ ನಿಮಗೆ ಬರದಿದ್ದರೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ದುಭಾಷಿ ಬೇಕೆಂದು ಹೇಳಿ. ಗಂಡಂದಿರೇ, ಹೆಂಡತಿಗೆ ಕೇಳಿದ ಪ್ರಶ್ನೆಗೆ ನೀವು ಉತ್ತರ ಕೊಡಬೇಡಿ. ಸ್ವಲ್ಪ ಹೊತ್ತು ಆಕೆಯೊಬ್ಬಳೇ ಒಳಗಿರಲಿ. ಜೊತೆಗೆ ಬರಲು ನಮ್ಮ ಸಂಘದಲ್ಲಿ ಜನರಿದ್ದಾರೆ, ಕೇಳಿದವರಿಗೆ ಇಲ್ಲ ಎಂದದ್ದಿಲ್ಲ. ಆದರೆ ಬಾಗಿಲ ತನಕ ಮಾತ್ರ. ಒಳಗಿನ ಮಾತು ಸಂಘಕ್ಕೆ ಬೇಡ.

ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಹೊರಡಿ

- ರಕ್ತ ಅಥವಾ ನೀರು ಹೋದರೆ
- ಜೋರು ತಲೆನೋವು, ಕಣ್ಣು ಮಂಜಾದರೆ
- ಮುಖ, ಕೈ ದಿಢೀರನೆ ಊದಿದರೆ
- ಮಗುವಿನ ಒದೆತ ಕಡಿಮೆಯಾದರೆ
- ಜ್ವರ, ಫಿಟ್ಸ್, ತಡೆಯಲಾರದ ಹೊಟ್ಟೆನೋವು

ಆ ಫಾರಂ

ನಿಮಗೂ ಕೊಡಬಹುದು. ಒಳ್ಳೆಯವರನ್ನು ನೋಯಿಸಬಾರದು ಎಂದು ಎಲ್ಲಕ್ಕೂ ‘ತುಂಬಾ’ ಹಾಕಬೇಡಿ. ನಕ್ಕು ಮಾತಾಡಿಸಿದ ನರ್ಸಿನ ಬಗ್ಗೆ ಒಳ್ಳೆಯ ಮಾತು ಬರೆಯಿರಿ. ಅದರ ಕೆಳಗೇ ಎಷ್ಟು ಹೊತ್ತು ಕಾದಿರಿ, ಏನನ್ನು ವಿವರಿಸಲಿಲ್ಲ ಎಂಬುದನ್ನೂ ಬರೆಯಿರಿ. ಎರಡನೇ ಬಸಿರಿನಲ್ಲಿ ನಾನು ಹಾಗೆ ಬರೆದೆ. ಮುಂದಿನ ಸಲ ಹೋದಾಗ ಯಾರೂ ನನ್ನ ಮೇಲೆ ಮುಖ ಸಿಂಡರಿಸಲಿಲ್ಲ. ಬಿಪಿ ಎಷ್ಟೆಂದು ಕೇಳುವ ಮೊದಲೇ ಹೇಳಿದರು.